ಎರೆ ನೆಲದ ಮೇಲೆ ಊರಿಲ್ಲ ಏಕೆ

ಆಗ ಲೋಕ ಹೊಸದು. ನೆಲದ ಹಸಿ ಇನ್ನೂ ಆರಿರಲಿಲ್ಲ. ಗಾಳಿ ಮಾತಾಡುತ್ತಿತ್ತು. ನೆಲವೂ ಮಾತಾಡುತ್ತಿತ್ತು. ಮನುಷ್ಯರು ಮಾತ್ರ ಹೆದರಿ ಸುಮ್ಮನಿರುತ್ತಿದ್ದರು.

ನಮ್ಮ ತಾಲ್ಲೂಕಿಗೆಲ್ಲ ಆಗ ಇದ್ದದ್ದು ಒಂದೇ ಊರು. ಕಪ್ಪು ಎರೆ ನೆಲದ ನಟ್ಟನಡುವೆ. ಸುತ್ತ ಬಯಲು. ಬಯಲಿನಲ್ಲಿ ಗಾಳಿ.

ಗಾಳಿಗೆ ಹೆದರಿ ಜನ ಒತ್ತೊತ್ತಾಗಿ ಮನೆ ಕಟ್ಟಿದರು. ಎರಡು ಮನೆಗೆ ಒಂದೇ ಗೋಡೆ. ಮಗನ ಮದುವೆಯಾದರೆ ಅದೇ ಗೋಡೆಗೆ ಇನ್ನೊಂದು ಮನೆ. ಕೊನೆಗೆ ಊರಿಗೆ ಊರೇ ಒಂದು ಮನೆಯಾಯಿತು. ಒಬ್ಬ ಕೆಮ್ಮಿದರೆ ನೂರು ಮಂದಿ ಏಳುತ್ತಿದ್ದರು.

ಕೂಸು ಹುಟ್ಟಿದ ಕೂಡಲೇ ಅದರ ಕಾಲನ್ನು ನೆಲಕ್ಕೆ ತಾಗಿಸಿ, ಆಮೇಲೆ ಮೊರದಲ್ಲಿ ಮಲಗಿಸುವುದು ಆ ಜನರ ಪದ್ಧತಿ. ತಾಗಿಸದಿದ್ದರೆ ಕೂಸು ನಡೆಯುವುದಿಲ್ಲ ಅನ್ನುತ್ತಿದ್ದರು.

ಆ ಊರಿನಲ್ಲಿ ಬಾಳವ್ವ ಎಂಬ ಮುದುಕಿ ಇದ್ದಳು. ಅವಳಿಗೆ ಹೂವಕ್ಕ ಒಬ್ಬಳೇ ಮಗಳು. ಹೂವಕ್ಕ ಬಸುರಿ. ಅವಳ ಗಂಡ ಕುರಿ ಹುಡುಕಲು ಬಯಲಿಗೆ ಹೋದವನು ತಿರುಗಿ ಬರಲಿಲ್ಲ. ಗಾಳಿ ಒಯ್ದಿತು ಅಂದರು.

ಬೇಸಿಗೆ ಬಂತು. ನೆಲ ಬಿರಿಯಿತು. ಮೊದಲು ಕೈ ಹೋಗುವಷ್ಟು. ಆಮೇಲೆ ಕಾಲು ಹೋಗುವಷ್ಟು. ಒಂದು ಕುರಿಮರಿ ಬಿರುಕಿನಲ್ಲಿ ಬಿತ್ತು. ಸ್ವಲ್ಪ ಹೊತ್ತು ಅರಚಿತು. ಆಮೇಲೆ ಅರಚಲಿಲ್ಲ.

"ಆ ಬಾಯಿ ಮುಚ್ಚಿರಿ," ಅಂದ ಊರ ಹಿರಿಯ ಗುಡದಪ್ಪ.

ಜನ ಹೊಟ್ಟು ತಂದರು. ಬೂದಿ ತಂದರು. ಬಿರುಕಿಗೆ ತುಂಬಿ ಒನಕೆಯಿಂದ ಜಡಿದರು. ಮಾಡಬಾರದ್ದನ್ನು ಮಾಡಿದರು. ನೆಲ ಉಸಿರಾಡುತ್ತಿದ್ದದ್ದು ಆ ಬಾಯಿಂದಲೇ.

ಮೂರನೆಯ ದಿನ ನಡುಹಗಲಿನಲ್ಲಿ ನೆಲ ನರಳಿತು. ಗಡಿಗೆಗಳು ಒಂದಕ್ಕೊಂದು ತಾಗಿ ಕಟಕಟ ಅಂದವು.

"ನನ್ನ ಹೊಟ್ಟೆಯ ಮೇಲೆ ಕೂತಿದ್ದೀರಿ. ಬಾಯಿಗೂ ಹೊಟ್ಟು ತುರುಕಿದಿರಿ," ಅಂದಿತು ನೆಲ. "ಇದ್ದವರನ್ನು ಹೇಗೋ ಹೊರುತ್ತೇನೆ. ಇನ್ನೊಂದು ಜೀವದ ಕಾಲು ನನ್ನ ಹೊಟ್ಟೆಯನ್ನು ಮುಟ್ಟಿದರೆ ಊರನ್ನೇ ನುಂಗುತ್ತೇನೆ."

ಎಲ್ಲರ ಕಣ್ಣೂ ಹೂವಕ್ಕನ ಹೊಟ್ಟೆಯ ಮೇಲೆ ಬಿತ್ತು. ಅವಳಿಗೆ ದಿನ ತುಂಬಿತ್ತು.

"ಬಾಳವ್ವ, ನಿನ್ನ ಮಗಳು ಇಲ್ಲಿ ಹಡೀಬಾರದು," ಅಂದ ಗುಡದಪ್ಪ.

"ಮತ್ತ ಎಲ್ಲಿ ಹಡೀಬೇಕಪಾ? ಮುಗಿಲಿನಾಗ?"

"ಬಯಲಿಗೆ ಕರಕೊಂಡು ಹೋಗು."

"ಬಯಲಿನಾಗ ಗಾಳಿ ಐತಿ."

"ಇಲ್ಲಿ ನೆಲ ಐತಿ."

ಬಾಳವ್ವ ಅವನ ಮುಖವನ್ನೇ ನೋಡಿದಳು. "ಬರೋ ತಿಂಗಳ ನಿನ್ನ ಸೊಸಿ ಹಡೀತಾಳ. ಆಗ ಯಾರನ್ನ ಹೊರಗ ಹಾಕ್ತೀ, ಗುಡದಪ್ಪ?"

ಗುಡದಪ್ಪ ತನ್ನ ಕಾಲ್ಬೆರಳು ನೋಡಿಕೊಂಡ. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು.

ಬಾಳವ್ವ ಒಲೆಯ ಕೆಂಡವನ್ನು ಕುಡಿಕೆಗೆ ಹಾಕಿಕೊಂಡಳು. ಮೊರವನ್ನು ತಲೆಯ ಮೇಲಿಟ್ಟಳು. ಮಗಳ ಕೈ ಹಿಡಿದು ಹೊರಟಳು.

ಗಾಳಿ ಕಾಯುತ್ತಲೇ ಇತ್ತು. "ಇಬ್ಬರೇ ಬಂದಿರೇನು?" ಅಂದಿತು. "ನಿನ್ನ ಅಳಿಯನೂ ಒಬ್ಬನೇ ಬಂದಿದ್ದ."

ಬಾಳವ್ವ ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಡೆದಳು.

ಒಂದು ದೊಡ್ಡ ಬಿರುಕು ಅಡ್ಡ ಬಂತು. ಅದಕ್ಕೆ ಯಾರೂ ಹೊಟ್ಟು ತುಂಬಿರಲಿಲ್ಲ. ಅವಳು ಬಾಗಿ ಒಳಗೆ ಕೇಳಿದಳು. "ತಾಯಿ, ಎಲ್ಲಾ ಕಡೆ ನಿನ್ನ ಹೊಟ್ಟಿ ಇದ್ದರ ನಾವು ಕಾಲು ಎಲ್ಲಿ ಊರೂಣು?"

ಬಿರುಕಿನೊಳಗಿಂದ ಬಿಸಿ ಉಸಿರು ಬಂತು. "ನನ್ನ ಎಲುಬು ಹುಡುಕು," ಅಂದಿತು ನೆಲ. "ನಿಮ್ಮ ಬೀಸುಕಲ್ಲಿನ ಸದ್ದು ನನ್ನ ಹೊಟ್ಟೆಯ ತುಂಬ ಗರಗರ ಅನ್ನುತ್ತದೆ. ಎಲುಬಿಗೆ ಅದು ಕೇಳುವುದಿಲ್ಲ."

ಬಾಳವ್ವ ಅಷ್ಟು ದೂರ ನಡೆದು ನೆಲಕ್ಕೆ ಕಿವಿ ಇಟ್ಟಳು. ಗರಗರ. "ಇನ್ನೂ ಕೇಳತೈತಿ. ನಡಿ ಮಗಳ."

ಮತ್ತಷ್ಟು ದೂರ ನಡೆದು ಕಿವಿ ಇಟ್ಟಳು. ಗರಗರ. "ಇನ್ನೂ ಕೇಳತೈತಿ. ನಡಿ ಮಗಳ."

"ಯವ್ವಾ, ಆಗೂದಿಲ್ಲ," ಅಂದಳು ಹೂವಕ್ಕ. ನೋವು ಶುರುವಾಗಿತ್ತು.

"ಆಗೂದಿಲ್ಲ ಅನ್ನಕೋತ ನಡಿ."

ಗಾಳಿ ಧೂಳೆಬ್ಬಿಸಿತು. ಕೈ ಮುಂದೆ ಚಾಚಿದರೆ ಕೈ ಕಾಣದು. ಹೂವಕ್ಕ ಎಡವಿ ಬಿದ್ದಳು. ಬಿದ್ದ ಕಡೆ ಅಂಗೈಗೆ ಏನೋ ಚುಚ್ಚಿತು. ಮಣ್ಣಲ್ಲ, ಕಲ್ಲು ಹರಳಿನ ಗರಸು. ಕೆಂಪು ಗರಸಿನ ಒಂದು ದಿಬ್ಬ.

ಬಾಳವ್ವ ಕಿವಿ ಇಟ್ಟಳು. ಏನೂ ಕೇಳಲಿಲ್ಲ.

ಅಲ್ಲೇ ಕೂಸು ಹುಟ್ಟಿತು. ಹೆಣ್ಣುಕೂಸು. ಬಾಳವ್ವ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದಳು. ಕೆಳಗಿಳಿಸಲಿಲ್ಲ. ಕಾಲು ತಾಗಿಸದಿದ್ದರೆ ಕೂಸು ನಡೆಯದು. ಇದು ಎಲುಬಲ್ಲ, ಹೊಟ್ಟೆಯೇ ಆಗಿದ್ದರೆ ಮೂರು ಜೀವವೂ ಒಳಗೆ. ದೂರದ ಆ ಊರೂ ಒಳಗೆ. ಗಾಳಿ ಕೂಡ ಉಸಿರು ಹಿಡಿದು ನೋಡಿತು.

"ಯವ್ವಾ, ತಾಗಸಬ್ಯಾಡ," ಅಂದಳು ಹೂವಕ್ಕ.

ಬಾಳವ್ವ ಕಣ್ಣು ಮುಚ್ಚಿ ತಾಗಿಸಿದಳು.

ನೆಲ ಅಲ್ಲಾಡಲಿಲ್ಲ.

ಅವಳು ಕೂಸನ್ನು ಮೊರದಲ್ಲಿ ಮಲಗಿಸಿದಳು. ಮೂರು ಕಲ್ಲಿಟ್ಟಳು. ಕೆಂಡ ಊದಿದಳು. ಬೆಂಕಿ ಹತ್ತಿತು.

ಆಗ ದೂರದಲ್ಲಿ ಸದ್ದಾಯಿತು. ಸಿಡಿಲಿನದಲ್ಲ. ಸಿಡಿಲು ಮೇಲಿಂದ ಬರುತ್ತದೆ. ಇದು ಕೆಳಗಿನಿಂದ ಬಂತು. ಊರಿದ್ದ ಕಡೆ ಕಪ್ಪು ಧೂಳು ಮುಗಿಲಿಗೇರಿತು.

ಹೊತ್ತು ಇಳಿಯುವ ಮೊದಲು ಜನ ಓಡಿ ಬಂದರು. ಎಲ್ಲರ ಮುಂದೆ ಗುಡದಪ್ಪ. ತಲೆಯ ಮೇಲೆ ರುಮಾಲಿಲ್ಲ.

"ಸೊಸಿ ಹೆದರಿಕೊಂಡು ಮುಂಚೇನ ಹಡದಳು," ಅಂದ.

"ಕಾಲು ತಾಗಿಸಿದ್ರೇನು?"

"ಸೂಲಗಿತ್ತಿಗೆ ಕೈ ರೂಢಿ. ತಾಗಿಸಿಬಿಟ್ಟಳು."

ನೆಲ ಬಾಯಿ ಬಿಟ್ಟಿತ್ತು. ಒಂದು ಗೋಡೆ ಬಿದ್ದದ್ದಕ್ಕೆ ಎಲ್ಲ ಗೋಡೆಗಳೂ ಬಿದ್ದವು. ಓಡಿದವರು ಉಳಿದರು. ಬೀಸುಕಲ್ಲು ತರಲು ಒಳಗೆ ಹೋದವರು ಉಳಿಯಲಿಲ್ಲ.

"ಸೊಸಿ?" ಅಂದಳು ಬಾಳವ್ವ.

"ಹೊತಗೊಂಡು ಬಂದೀವಿ. ಕೂಸೂ ಐತಿ. ಜಾಗ ಕೊಡು, ಬಾಳವ್ವ."

ಬಾಳವ್ವ ದಿಬ್ಬವನ್ನು ಒಮ್ಮೆ ನೋಡಿದಳು. ಜನರನ್ನು ಒಮ್ಮೆ ನೋಡಿದಳು. "ಬಾಣಂತಿ ಇಲ್ಲಿ ಇರಲಿ. ಹತ್ತು ಮನಿ ಇರಲಿ. ಉಳಿದವರು ಮುಂದ ಹೋಗ್ರಿ. ಇಲ್ಲಿ ಬೀಸಿದ್ದು ಅಲ್ಲಿ ಕೇಳಬಾರದು, ಅಷ್ಟು ದೂರ."

"ಬಯಲಿನಾಗ ಗಾಳಿ ಐತಿ."

"ಐತಿ," ಅಂದಳು ಬಾಳವ್ವ. ಅವನ ಕೈಗೆ ಒಂದು ಕುಡಿಕೆ ಕೆಂಡ ಕೊಟ್ಟಳು.

ಗುಡದಪ್ಪ ಹೆದರುತ್ತಲೇ ಹೋದ. ಅವನ ಹಿಂದೆ ಹೋದವರೂ ಹೆದರುತ್ತಲೇ ಹೋದರು. ದಿಬ್ಬ ಸಿಕ್ಕಲ್ಲಿ ಹತ್ತು ಮನೆ ನಿಂತವು. ಉಳಿದವರು ಕೆಂಡ ತೆಗೆದುಕೊಂಡು ಇನ್ನೂ ಮುಂದೆ ನಡೆದರು.

ಅದಕ್ಕೇ ನಮ್ಮ ಕಡೆಯ ಊರುಗಳೆಲ್ಲ ಚಿಕ್ಕವು, ಒಂದೊಂದೂ ಗರಸಿನ ದಿಬ್ಬದ ಮೇಲೆ, ಒಂದಕ್ಕೊಂದು ದೂರ. ನಡುವಿನ ಎರೆಯಲ್ಲಿ ಜೋಳ ಬೆಳೆಯುತ್ತದೆ, ಕಡಲೆ ಬೆಳೆಯುತ್ತದೆ, ಒಂದು ಮನೆಯೂ ಇಲ್ಲ. ಬೇಸಿಗೆಯಲ್ಲಿ ಆ ಹೊಲ ಅಷ್ಟುದ್ದ ಬಾಯಿ ತೆರೆದು ಮಲಗಿರುವುದನ್ನು ನೀವು ನೋಡುತ್ತೀರಲ್ಲ, ಹೊಟ್ಟೆಯ ಮೇಲೆ ಮತ್ತೆ ಯಾರಾದರೂ ಬಂದು ಕೂತರೇನೋ ಎಂದು ನೆಲ ಇವತ್ತಿಗೂ ಕಾಯುತ್ತಿದೆ.