ಎಪ್ಪತ್ತು ಬುಟ್ಟಿ ಹಿಮ

ಒಂದಾನೊಂದು ಕಾಲದಲ್ಲಿ, ಏಳು ಕಡಲಿನ ಆಚೆ, ಅಮೆರಿಕ ಅನ್ನೋ ಸೀಮೇಲಿ ಒಂದು ಹಳ್ಳಿ ಇತ್ತಂತೆ. ಅಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ಹಿಮ ಬೀಳೋದಂತೆ. ನಮ್ಮ ಮಾಗಿಯ ಮಂಜಲ್ಲ ಮತ್ತೆ, ಹಿಂಜಿದ ಹತ್ತಿ ಹಾಗೆ ಬಿದ್ದು ಮೊಣಕಾಲುದ್ದ ಕೂತುಬಿಡೋ ಹಿಮ. ಅದರಲ್ಲಿ ಗಾಲಿ ಉರುಳೋದಿಲ್ಲ ಅಂತ ಆ ಜನ ಅಡಿಗೆ ಕಬ್ಬಿಣದ ಪಟ್ಟಿ ಹೊಡೆದ ಜಾರುಬಂಡಿಗೆ ಕುದುರೆ ಕಟ್ಟೋರು.

ಊರ ಮುಂದೆ ಹೊಳೆ, ಹೊಳೆಗೆ ಉದ್ದಾನೆ ಮರದ ಸೇತುವೆ. ಮಳೆ ಹಿಮಕ್ಕೆ ಮರ ಕೊಳೀಬಾರದು ಅಂತ ಎರಡು ಕಡೆ ಹಲಗೆ ಗೋಡೆ ಕಟ್ಟಿ, ಮೇಲೆ ಮಾಡು ಹಾಕಿದ್ದರು, ಥೇಟ್ ಮನೆ ಹಾಗೆ. ಮಾಡು ಹಾಕಿದ ಮೇಲೆ ಒಳಗೆ ಹಿಮ ಎಲ್ಲಿಂದ ಬೀಳಬೇಕು? ಹಿಮ ಇಲ್ಲದೆ ಬರೀ ಹಲಗೆ ಮೇಲೆ ಜಾರುಬಂಡಿ ಜಾರುತ್ತಾ? ಅದಕ್ಕೆ ಆಚೆಯ ಹಿಮಾನ ಬುಟ್ಟೀಲಿ ಹೊತ್ತು ತಂದು ಸೇತುವೆ ಒಳಗೆ ಹಾಸೋಕೆ ಒಬ್ಬ ಆಳನ್ನ ಇಟ್ಟರಂತೆ. ನಗಬೇಡಿ. ನಕ್ಕಿದ್ದರಿಂದಲೇ ಇಷ್ಟೆಲ್ಲ ಆಗಿದ್ದು.

ಆ ಆಳಿನ ಹೆಸರು ನನ್ನ ನಾಲಿಗೆಗೆ ಹೊರಳಲ್ಲ, ಜವರಪ್ಪ ಅಂತಿಟ್ಟುಕೊಳ್ಳಿ. ಸೇತುವೆ ಬಾಯಲ್ಲೇ ಅವನ ಮನೆ. ದಿನಾ ಬೆಳಗ್ಗೆ ಎಪ್ಪತ್ತು ಬುಟ್ಟಿ ಹಿಮ ಹಾಸಿ ಬಂದೇ ಗಂಜಿ ಕುಡಿಯೋನು. ಹೆಂಡತಿ ಸತ್ತು ಎಷ್ಟೋ ವರ್ಷ ಆಗಿತ್ತು. ಇದ್ದೊಬ್ಬ ಮಗಳು ಚೆಲುವೀನ ಆಚೆ ದಡದ ಊರಿಗೆ ಕೊಟ್ಟಿದ್ದ.

ಒಂದು ಸಲ ಬೀಗರ ಮನೇಲಿ ಹಬ್ಬದೂಟ. ಎಲ್ಲರೂ ಸಾಲಾಗಿ ಕೂತಿದ್ದಾರೆ, ತುಂಬಿದ ಬಸುರಿ ಚೆಲುವಿ ಬಡಿಸ್ತಾ ಇದ್ದಾಳೆ. ಅಳಿಯನ ಅಣ್ಣ ಅಂದ:

"ಅಲ್ಲ ಮಾವ, ಹಿಮ ಬೀಳಬಾರದು ಅಂತ ಮಾಡು ಹಾಕೋದು, ಮಾಡಿನ ಕೆಳಗೆ ನೀವು ಹಿಮ ಸುರಿಯೋದು. ಇದೂ ಒಂದು ಕೆಲಸವಾ?"

ಊಟಕ್ಕೆ ಕೂತೋರೆಲ್ಲ ಗೊಳ್ಳಂತ ನಕ್ಕರು. ಜವರಪ್ಪ ತಲೆ ಎತ್ತಿ ನೋಡಿದ. ಚೆಲುವೀನೂ ನಗ್ತಾ ಇದ್ದಳು. ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಮಾರನೆ ಬೆಳಗ್ಗೆ ಅವನು ಬುಟ್ಟಿ ಮುಟ್ಟಲಿಲ್ಲ. ಆ ದಾರೀಲಿ ಹೋಗ್ತಿದ್ದ ಸೂಲಗಿತ್ತಿ ಕೆಂಪಜ್ಜಿ ಬೈದಳು: "ಮಗಳಿಗೆ ದಿನ ಹತ್ತಿರ ಬಂತಲ್ಲೋ ಜವರ, ಈ ಸೇತುವೆ ದಾಟಿ ತಾನೆ ಅವಳು ನನ್ನ ಮನೆಗೆ ಬರಬೇಕು."

"ಇನ್ನೂ ತಿಂಗಳಿದೆ ಅಜ್ಜಿ. ಇದು ಕೆಲಸ ಹೌದೋ ಅಲ್ಲವೋ ಅವರಿಗೂ ಗೊತ್ತಾಗಲಿ" ಅಂದ.

ಒಂದು ದಿನ ಆಯ್ತು, ಹಳೇ ಹಿಮದ ಮೇಲೇ ಬಂಡಿ ಓಡಾಡಿದವು, ಅವನನ್ನ ಕೇಳೋಕೆ ಯಾರೂ ಬರಲಿಲ್ಲ. ಎರಡು ದಿನ ಆಯ್ತು, ಯಾರೂ ಬರಲಿಲ್ಲ. ಮೂರನೇ ದಿನ ಬೆಳಗ್ಗೆ ಸೇತುವೆ ಒಳಗಿಂದ ಕುದುರೆ ಕಾಲು ಬಡಿಯೋ ಸದ್ದು ಬಂತು. ಇದ್ದ ಹಿಮವೂ ಸವೆದು, ಕಬ್ಬಿಣ ಹಲಗೆಗೆ ಕಚ್ಚಿಕೊಂಡು ಬಂಡಿ ನಿಂತುಬಿಟ್ಟಿತ್ತು.

"ಮಾವಾ" ಅಂತ ಯಾರೋ ಕೂಗಿದರು. ಆ ಮಾಡಿನ ಕೆಳಗೆ ಯಾರು ಕೂಗಿದರೂ ದನಿ ಒಂದೇ ಥರ ಮೊಳಗೋದು. ಅಳಿಯನ ಅಣ್ಣನೇ ಸಿಕ್ಕಿಬಿದ್ದ ಅಂದುಕೊಂಡ ಜವರಪ್ಪ.

"ಕೂಗಲಿ. ಗಂಜಿ ಮುಗಿಸಿ ಹೋಗ್ತೀನಿ."

ಬಟ್ಟಲು ತೊಳೆದಿಟ್ಟು ಹೋಗಿ ನೋಡ್ತಾನೆ, ಬಂಡೀಲಿ ಚೆಲುವಿ. ತಿಂಗಳು ಮುಂಚೇನೇ ನೋವು ಬಂದಿತ್ತು. ಕೆಂಪಜ್ಜಿ ಮನೆ ಇನ್ನೂ ಒಂದು ಹರಿದಾರಿ. ಎತ್ತಿಕೊಂಡು ಹೋಗೋಣ ಅಂದರೆ ಮುಟ್ಟಿದರೆ ಸಾಕು, ಚೀರ್ತಾಳೆ. ಗಂಡ ಕುದುರೆ ಹಗ್ಗ ಹಿಡಿದು ಅಳ್ತಾ ನಿಂತಿದ್ದಾನೆ. ಜವರಪ್ಪ ಬುಟ್ಟಿಗೆ ಓಡಿದ. ಹಿಮ ತುಂಬಿದ, ಸುರಿದ, ತುಂಬಿದ, ಸುರಿದ, ಬೆರಳು ಒಡೆದು ರಕ್ತ ಬಂತು. ಕೊನೆಗೆ ಬಂಡಿ ಅಲುಗಿತು. ಚೆಲುವಿ ಅಪ್ಪನ ತೋಳು ಹಿಡಿದಳು.

"ಅಪ್ಪ, ಅವತ್ತು ನಾನು ನಕ್ಕೆ ಅಂತ ಬೇಜಾರಾ? ಅಳು ಬಂದಿತ್ತಪ್ಪ. ಅವರ ಮುಂದೆ ಅಳಬಾರದು ಅಂತ ನಕ್ಕೆ."

ಜವರಪ್ಪ ಬಂಡಿ ಹಿಂದಕ್ಕೆ ಹೋಗಿ ಹೆಗಲು ಕೊಟ್ಟು ನೂಕಿದನಂತೆ.

ಕೆಂಪಜ್ಜಿ ಹೆಣ್ಣು ಮಗೂನ ಉಳಿಸಿದಳು, ತಾಯೀನ ಉಳಿಸೋಕೆ ಆಗಲಿಲ್ಲ. ಕೈ ತೊಳೀತಾ, "ಒಂದು ಬಟ್ಟಲು ಗಂಜಿ ಕುಡಿಯೋ ಹೊತ್ತು ಮುಂಚೆ ಬಂದಿದ್ದರೆ ಆಗ್ತಿತ್ತು ಕಣೋ" ಅಂದಳಂತೆ. ಪಾಪ, ಅವಳಿಗೇನು ಗೊತ್ತು?

ಆವತ್ತಿಂದ ಜವರಪ್ಪ ಗಂಜಿ ಬಾಯಿಗಿಡಲಿಲ್ಲ. ಬೆಳಗ್ಗೆ ಎಪ್ಪತ್ತು, ಸಂಜೆ ಎಪ್ಪತ್ತು ಬುಟ್ಟಿ ಹಿಮ ಹಾಸ್ತಾ ಹಾಸ್ತಾನೇ ಮುದುಕನಾದ. ಅವನು ಸತ್ತ ಚಳಿಗಾಲ ಸೇತುವೆ ಮತ್ತೆ ಬರಿದಾಯ್ತು. ಆಗ ಮೊದಲ ಬುಟ್ಟಿ ಹೊತ್ತು ಬಂದೋನು ಅವತ್ತು ತಮಾಷೆ ಮಾಡಿದ ಆ ಅಣ್ಣನೇ.

ಈಗಲೂ ಆ ಸೇತುವೆ ದಾಟೋರು ಒಳಗೆ ಕಾಲಿಡೋ ಮುಂಚೆ ಒಂದು ಬೊಗಸೆ ಹಿಮ ಎತ್ತಿ ಹಾಕ್ತಾರಂತೆ. ಯಾಕೆ ಅಂತ ಕೇಳಿದರೆ, "ನಮ್ಮ ಹಿಂದೆ ಯಾರ ಮಗಳು ಬರ್ತಾ ಇದ್ದಾಳೋ ಏನೋ" ಅಂತಾರಂತೆ.

ಅವರು ಆ ದಡದಲ್ಲಿ ತಣ್ಣಗಿರಲಿ, ನಾವು ಈ ದಡದಲ್ಲಿ ಬೆಚ್ಚಗಿರೋಣ.