ನೀಲಿ ಹೂವಿನ ಏಳು ಬೀಜ

ಗುಡ್ಡದ ಮೇಲಿನ ಒಂದೂರಲ್ಲಿ ಪುಟ್ಟಾಜಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಕಾಳಿಂಗ ಅಂತ ಒಬ್ಬನೇ ಮಗ. ಮಗ ಅಂದ್ರೆ ಎಂಥಾ ಮಗ ಅಂತೀರಿ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ಗಡ್ಡ ಮೀಸೆ ಬಂದಿತ್ತು, ಬುದ್ಧಿ ಮಾತ್ರ ಹಾಲುಹಲ್ಲಿನ ಕಾಲದಲ್ಲೇ ನಿಂತುಬಿಟ್ಟಿತ್ತು. ನಾನು ಹೋದ್ಮೇಲೆ ಇವನ ಗತಿ ಏನಪ್ಪಾ ಅಂತ ತಾಯಿ ಕೊರಗದ ದಿನವಿಲ್ಲ.

ಅವಳ ಗಂಡ ಮಾಲಿ ಕೆಲಸದೋನು. ಹಿತ್ತಲಲ್ಲಿ ಐರಿಸ್ ಅನ್ನೋ ಸೀಮೆ ಹೂವಿನ ಗಿಡ ಎರಡು ಇಟ್ಟಿದ್ದ, ಒಂದು ಹಳದಿ, ಒಂದು ನೀಲಿ. ಎರಡನ್ನೂ ಕೂಡಿಸಿ ಯಾರೂ ಕಾಣದ ಬಣ್ಣ ತರ್ತೀನಿ ಅಂತ ನಾಲ್ಕು ವರ್ಷ ಒದ್ದಾಡಿದ. ಒಂದು ಕಾಯೂ ಕಚ್ಚಲಿಲ್ಲ. ಹೋದ ವರ್ಷ ಅವನೇ ತೀರಿಕೊಂಡ. ಹಿತ್ತಲಾಚೆ ಮಣ್ಣು ಮಾಡಿದರು, ಕಾಳಿಂಗನೂ ಮೂರು ಹಿಡಿ ಮಣ್ಣು ಹಾಕಿದ.

ಈ ವರ್ಷ ನೀಲಿ ಗಿಡದ ಗೆಡ್ಡೆಗೆ ಕೊಳೆರೋಗ ಹತ್ತಿತು. ದಂಟಿನ ಮೇಲೆ ನಾಲ್ಕೇ ಮೊಗ್ಗು, ಅವು ಮುಗಿದರೆ ಗಿಡವೇ ಇಲ್ಲ. ಗಂಡನ ಇದೊಂದು ಆಸೆ ತೀರಿಸೋಣ ಅಂದ್ರೆ ಪುಟ್ಟಾಜಮ್ಮನಿಗೆ ಕಣ್ಣಲ್ಲಿ ಪೊರೆ, ಕೈಯಲ್ಲಿ ನಡುಕ. ಮಗನನ್ನೇ ಕಳಿಸಬೇಕು, ಬೇರೆ ಯಾರಿದ್ದಾರೆ?

ಮೊದಲ ಹೂವು ಅರಳಿತು. ಹಳದಿ ಹೂವಿನೊಳಗಿನ ಹುಡಿ ತಗೊಂಡು ನೀಲಿ ಹೂವಿಗೆ ಹಚ್ಚಿ ಬಾ ಅಂದಳು. ಹೋದ, ಹಚ್ಚಿದ. ಮದುಮಗಳಿಗೆ ಅರಿಶಿನ ಹಚ್ಚಿದ ಹಾಗೆ ಎಸಳಿಗೆಲ್ಲ ಬಳಿದು ಬಂದ. ಮೂರು ದಿನಕ್ಕೆ ಹೂವು ಉದುರಿತು. ಅಯ್ಯೋ ಪೆದ್ದೇ, ಎಸಳಿನ ಸಂದಿಯಲ್ಲಿ ಸಣ್ಣ ತುಟಿ ಹಾಗೆ ಒಂದಿರುತ್ತೆ, ಅದಕ್ಕೇ ಹಚ್ಚಬೇಕು ಅಂತ ಬೈದಳು. ಆಗಲವ್ವ ಅಂದ.

ಎರಡನೇ ಹೂವು ಅರಳಿದ ದಿನ ಬೆಳಗಿಂದ ಜಡಿಮಳೆ. ತುಟಿ ಹುಡುಕಿದ, ತುಟಿಗೇ ಹಚ್ಚಿದ, ಮಳೆಯಲ್ಲಿ ನೆನೀತಾ ಹಚ್ಚಿದ. ಹುಡಿ ಕರಗಿ ಕೆಸರಾಗಿ ಇಳಿದುಹೋಯಿತು. ಒದ್ದೆ ಹುಡಿ ಹಿಡಿಯುತ್ತೇನೋ, ಒಣಗಿಸಿಕೊಂಡು ಹಚ್ಚಬೇಕು ಅಂತ ಮತ್ತೆ ಬೈದಳು. ಆಗಲವ್ವ ಅಂದ.

ಮೂರನೇ ಹೂವು ಅರಳಿದ ದಿನ ಬಿಸಿಲಿತ್ತು. ಆದರೆ ಹಳದಿ ಹೂವಿನ ಮೇಲೆ ಒಂದಿಷ್ಟು ಇಬ್ಬನಿ. ಒಣಗಿಸಬೇಕಲ್ಲ? ಹೂವು ಕಿತ್ತು ತಂದು ರೊಟ್ಟಿ ಹೆಂಚಿನ ಮೇಲಿಟ್ಟು ಗರಿಗರಿ ಹುರಿದ. ಆ ಕರಕಲನ್ನ ತುಟಿಗೆ ಹಚ್ಚಿ ಬಂದ. ಆ ಹೂವೂ ಹೋಯಿತು. ಈ ಸಲ ಪುಟ್ಟಾಜಮ್ಮ ಬೈಯಲಿಲ್ಲ, ಅತ್ತಳು.

"ಅದಕ್ಕೂ ಜೀವ ಇರುತ್ತೆ ಕಣೋ ಮಗಾ. ಹಸುಗೂಸನ್ನ ಹೆಂಚಿನ ಮೇಲೆ ಇಡ್ತಾರೇನೋ? ಕೂಸನ್ನ ನೋಡ್ಕೊಂಡ ಹಾಗೆ ನೋಡ್ಕೋ."

ಆಗಲವ್ವ ಅಂದ. ಉಳಿದದ್ದು ಒಂದೇ ಹೂವು. ಅದು ಅರಳಿದ ದಿನ ಹುಡಿಯನ್ನ ಬೊಗಸೆಯಲ್ಲಿಟ್ಟು, ಉಸಿರು ಬಿಗಿಹಿಡಿದು ನಡೆದ, ತುಟಿಗೆ ಮೆಲ್ಲಗೆ ಮುಟ್ಟಿಸಿದ. ನಂಬ್ತೀರೋ ಬಿಡ್ತೀರೋ, ಕಾಯಿ ಕಚ್ಚಿತು! ಎರಡು ತಿಂಗಳು ಕಾದರು. ಕಾಯಿ ಒಣಗಿ ಬಾಯಿಬಿಟ್ಟಿತು. ಪುಟ್ಟಾಜಮ್ಮ ಬೆರಳಲ್ಲೇ ಮುಟ್ಟಿ ಮುಟ್ಟಿ ಎಣಿಸಿದಳು, ಏಳು ಬೀಜ. ಪಾತಿ ಮಾಡಿದ್ದೀನಿ, ಹುಷಾರಾಗಿ ನೋಡ್ಕೋ, ನಾನು ಹೇಳಿದ್ದು ನೆನಪಿದೆ ತಾನೆ ಅಂತ ಮಗನ ಕೈಗೆ ಕೊಟ್ಟು, ಗಂಡನ ಸಮಾಧಿಗೆ ಊದುಬತ್ತಿ ಹಚ್ಚಿ ಸುದ್ದಿ ಹೇಳೋಕೆ ಹೋದಳು.

ವಾಪಸ್ ಬಂದು ಪಾತಿ ತಡವಿದರೆ ಮಣ್ಣು ಕೆದಕಿದ ಗುರುತೇ ಇಲ್ಲ. ಮನೆ ಒಳಗಿಂದ ಸಾಂಬ್ರಾಣಿ ವಾಸನೆ. ಕಾಳಿಂಗ ಜಂತೆಗೆ ಹಳೇ ಸೀರೆ ಕಟ್ಟಿ ತೊಟ್ಟಿಲು ಮಾಡಿದ್ದ. ಏಳು ಬೀಜಕ್ಕೂ ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಹೊಗೆ ಹಾಕಿ, ಒಂದೊಂದಕ್ಕೂ ಕಾಡಿಗೆ ಬೊಟ್ಟಿಟ್ಟು ಮಲಗಿಸಿದ್ದ. ನಗಬೇಡಿ ಈಗ.

"ಬಿತ್ತಲಿಲ್ವೇನೋ?" ಅಂದಳು ತಾಯಿ.

"ಕೂಸನ್ನ ಮಣ್ಣಲ್ಲಿ ಹೂಳ್ತಾರೇನವ್ವ?"

"ಮಣ್ಣಿಗೆ ಹಾಕಿದ್ರೇನೇ ಕಣೋ ಮೇಲೆ ಬರೋದು."

"ಅಪ್ಪನ್ನ ಹಾಕಿದ್ವಲ್ಲ," ಅಂದ ಕಾಳಿಂಗ. "ದಿನಾ ನೀರೂ ಹಾಕ್ತಾ ಇದ್ದೀನಿ. ಇನ್ನೂ ಬಂದಿಲ್ಲ."

ತಾಯಿ ಗೋಡೆಗೆ ಒರಗಿ ಕೂತಳು. ಕೈ ಚಾಚಿ ತೊಟ್ಟಿಲು ಹುಡುಕಿದಳು.

"ಮೆಲ್ಲಗೆ ತೂಗವ್ವ," ಅಂದ ಮಗ. "ಈಗ ತಾನೆ ಮಲಗಿವೆ."

ಅವಳು ಮೆಲ್ಲಗೆ ತೂಗಿದಳು.