ಉಗುರಿನಷ್ಟು ಕಲ್ಲಿನಲ್ಲಿ ನವಿಲು

ಹೊಳೆದಂಡೆಯ ಗುರುಗಳ ಕಥೆ ಹೇಳುವವರು ಬಹಳ ಮಂದಿ ಇದ್ದಾರೆ. ಅವರೆಲ್ಲ ಕೇಳಿದ್ದನ್ನು ಹೇಳುತ್ತಾರೆ. ನಾನು ಅವರ ಆಶ್ರಮದಲ್ಲೇ ಇದ್ದವನು, ನೋಡಿದ್ದನ್ನು ಹೇಳುತ್ತೇನೆ.

ಗುರುಗಳು ಮೌನಕ್ಕೆ ಕೂತರೆ ಹೊಳೆಯ ಮೊಸಳೆಗಳೂ ಬಾಯಿ ಮುಚ್ಚಿಕೊಂಡು ಮರಳಿನ ಮೇಲೆ ಸಾಲಾಗಿ ಮಲಗುತ್ತಿದ್ದವು. ಅವುಗಳ ಬೆನ್ನ ಮೇಲೆ ಕಾಲಿಟ್ಟುಕೊಂಡೇ ನಾನು ನೀರಿಗೆ ಇಳಿದಿದ್ದೇನೆ. ಇದನ್ನು ನಂಬದಿದ್ದರೆ ಬಿಡಿ. ಮುಂದಿನದನ್ನು ಮಾತ್ರ ನಂಬಬೇಕು.

ಮೋಡ ಕವಿದ ಒಂದು ದಿನ ನರಹರಿ ಅನ್ನುವವನು ಆಶ್ರಮಕ್ಕೆ ಬಂದ.

ತಲೆ ಪೂರ್ತಿ ನರೆತಿತ್ತು. ಬಟ್ಟೆ ಬೆಲೆಬಾಳುವುದೇ, ಆದರೆ ಅಂಗಿಯ ಗುಂಡಿಗಳನ್ನು ತಪ್ಪು ಕಾಜಗಳಿಗೆ ಹಾಕಿಕೊಂಡಿದ್ದ. ನೋಡಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲ ಅಂತ ನನಗೆ ಆಗಲೇ ಗೊತ್ತಾಯಿತು.

ಗುರುಗಳ ಕಾಲು ಮುಟ್ಟಿ ಕೂತ.

"ಏನು ಕೆಲಸ ಮಾಡಿಕೊಂಡಿದ್ದೆಯಪ್ಪಾ?" ಅಂದರು ಗುರುಗಳು.

"ಲೆಕ್ಕ ಮಾಡುವ ಯಂತ್ರಕ್ಕೆ ಮಿದುಳು ಮಾಡಿದೆ ಗುರುಗಳೇ. ಮೊದಲು ಅದು ಒಂದು ಕೋಣೆ ತುಂಬ ಇತ್ತು. ನಾನು ಅದನ್ನು ಉಗುರಿನಷ್ಟು ಕಲ್ಲಿಗೆ ಇಳಿಸಿದೆ."

ಮೈಕ್ರೊಪ್ರೊಸೆಸರ್ ಅಂತ ಅದಕ್ಕೆ ಹೆಸರು. ಓದಿದವರಿಗೇ ಆ ಮಾತಿಗೆ ನಾಲಿಗೆ ಹೊರಳುವುದಿಲ್ಲ. ನಾನು ಒಂದೇ ಸಲಕ್ಕೆ ಕಲಿತೆ.

"ಈಗ ಏನು ಬೇಕು?"

"ನನ್ನ ಹೆಸರು ಬೇಕು."

"ಎಲ್ಲಿ ಹೋಯಿತು?"

ನರಹರಿ ಹೇಳಿದ. ಅವನು ಆ ಕಲ್ಲನ್ನು ಮಾಡುವಾಗ ಕಾರ್ಖಾನೆಯ ಯಜಮಾನ ಅದನ್ನು ಮಕ್ಕಳಾಟಿಕೆ ಅಂತಿದ್ದನಂತೆ. ಜನ ಕೊಳ್ಳಲು ಮುಗಿಬಿದ್ದ ಮೇಲೆ ಅದು ತನ್ನದೇ ಯೋಚನೆ ಅಂದನಂತೆ. ನರಹರಿ ಜಗಳವಾಡಿ ಹೊರಗೆ ಬಂದ. ಸ್ವಂತ ಕಾರ್ಖಾನೆ ಹಾಕಿ ಇನ್ನೂ ಚುರುಕಾದ ಕಲ್ಲು ಮಾಡಿದ. ಅದು ಲಿಫ್ಟು, ತಕ್ಕಡಿ, ಮಗ್ಗ ಎಲ್ಲದರ ಹೊಟ್ಟೆಯಲ್ಲೂ ಕೂತಿತು. ಆಮೇಲೆ ಬೇರೆಯವರು ಅದಕ್ಕಿಂತ ಚಿಕ್ಕದು, ಅದಕ್ಕಿಂತ ಅಗ್ಗದ್ದು ಮಾಡಿದರು. ಇವನ ಕಾರ್ಖಾನೆಗೆ ಬೀಗ ಬಿತ್ತು.

"ಈಗ ರಾಜಧಾನಿಯಲ್ಲಿ ಯಂತ್ರಗಳ ದೊಡ್ಡ ವಸ್ತುಸಂಗ್ರಹಾಲಯ ಕಟ್ಟಿದ್ದಾರೆ ಗುರುಗಳೇ. ಬಾಗಿಲಲ್ಲೇ ಹಿತ್ತಾಳೆ ಫಲಕ ಹಾಕುತ್ತಾರೆ. ಮೊದಲ ಕಲ್ಲು ಮಾಡಿದವನು ಇವನು ಅಂತ. ಅದರ ಮೇಲೆ ಆ ಯಜಮಾನನ ಹೆಸರು ಬರುತ್ತಂತೆ."

"ನಿನ್ನದಲ್ಲವೆ?"

"ಸಾಕ್ಷಿ ತಂದರೆ ಬದಲಾಯಿಸುತ್ತೇವೆ ಅಂದಿದ್ದಾರೆ. ಸಾಕ್ಷಿ ನನ್ನ ಹತ್ತಿರ ಇದೆ. ನೀವು ಹರಸಿದರೆ ಇವತ್ತೇ ಹೊರಟೆ."

ಗುರುಗಳು ಹರಸಲಿಲ್ಲ. ತೋಟದ ಕಡೆ ಕೈ ತೋರಿಸಿದರು.

"ಬದನೆ ಮಡಿಯಲ್ಲಿ ಕಳೆ ಬೆಳೆದಿದೆ. ಕೀಳು."

ಕಳೆ ಕೀಳುವುದರಲ್ಲಿ ನನ್ನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ನಾನು ಬಂದೆ ಅಂತ ಗೊತ್ತಾದರೆ ಗರಿಕೆ ತಾನಾಗಿಯೇ ಬೇರು ಕಿತ್ತುಕೊಳ್ಳುತ್ತಿತ್ತು. ನರಹರಿ ಪಕ್ಕದ ಸಾಲಿನಲ್ಲಿ ಕೂತು, ಕಳೆಯ ಜೊತೆ ಬದನೆ ಸಸಿಯನ್ನೂ ಕೀಳುತ್ತಿದ್ದ.

"ರಾಯರೇ, ನಿಮ್ಮ ಕಲ್ಲು ಕಳೆ ಕೀಳುತ್ತೋ?" ಅಂತ ನಾನು ಛೇಡಿಸಿದೆ.

"ಹೇಳಿಕೊಟ್ಟರೆ ಕೀಳುತ್ತಪ್ಪಾ."

"ಹಾಗಾದರೆ ಅದನ್ನೇ ಕರೆಯಿರಿ. ನೀವು ಹೀಗೇ ಕಿತ್ತರೆ ನಮಗೆ ಸಾರಿಗೆ ಬದನೆ ಇರೋದಿಲ್ಲ."

ಅವನು ನಗಲಿಲ್ಲ. ಆ ಮನುಷ್ಯ ನಕ್ಕದ್ದನ್ನು ನಾನು ನೋಡಿಯೇ ಇಲ್ಲ.

ದಿನಾ ಬೆಳಗ್ಗೆ ಗುರುಗಳ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದ.

"ಹೊರಡಲೇ?"

"ಗಂಜಿ ಕುಡಿದೆಯಾ?" ಅನ್ನುತ್ತಿದ್ದರು ಗುರುಗಳು.

ಫಲಕ ಹಾಕುವ ದಿನ ಹತ್ತಿರ ಬಂತು. ಒಂದು ಬೆಳಗ್ಗೆ ನರಹರಿಗೆ ತಡೆಯಲಾಗಲಿಲ್ಲ.

"ಗುರುಗಳೇ, ನನಗೆ ಮಕ್ಕಳಿಲ್ಲ. ಹೆಂಡತಿ ಹೋದಳು. ಕಾರ್ಖಾನೆ ಹೋಯಿತು. ಆ ಫಲಕವೂ ಹೋದರೆ ನಾನು ಹುಟ್ಟಿಯೇ ಇರಲಿಲ್ಲ ಅಂತ ಆಗುತ್ತೆ."

"ಸಾಕ್ಷಿ ತೋರಿಸು," ಅಂದರು ಗುರುಗಳು.

ಜೇಬಿನಿಂದ ತಗಡಿನ ಡಬ್ಬಿ ತೆಗೆದ. ಅದರೊಳಗೆ ಹತ್ತಿ. ಹತ್ತಿಯ ಮೇಲೆ ಒಂದು ಚೂರು. ನಾನು ಉಸಿರು ಬಿಗಿಹಿಡಿದೆ. ನನ್ನ ಉಸಿರಿಗೆ ಅದು ಹೊಳೆಯ ಆಚೆ ದಡಕ್ಕೆ ಹಾರಿಹೋಗುವಂತಿತ್ತು.

"ಇದು ಮೊದಲ ಸಲ ಜೀವ ಬಂದ ಕಲ್ಲು ಗುರುಗಳೇ."

"ಇದರ ಮೇಲೆ ನಿನ್ನ ಹೆಸರಿದೆಯೇ?"

"ಹೆಸರು ಹಾಕಲು ಯಜಮಾನರು ಬಿಡುವುದಿಲ್ಲ. ಅದಕ್ಕೇ ನಮ್ಮ ಕಸುಬಿನವರು ಮೂಲೆಯಲ್ಲಿ ಕದ್ದು ಒಂದು ಚಿತ್ರ ಬರೆಯುತ್ತೇವೆ. ಒಬ್ಬ ಆನೆ ಬರೆಯುತ್ತಾನೆ. ಒಬ್ಬ ಏಣಿ. ಯಾವ ಚಿತ್ರ ಯಾರದು ಅಂತ ಕಸುಬಿನವರಿಗೆಲ್ಲ ಗೊತ್ತು. ನನ್ನದು ನವಿಲು."

"ಇಷ್ಟು ಚಿಕ್ಕದರ ಮೇಲೆ ಹೇಗೆ ಬರೆದೆ?"

"ಚಿಕ್ಕದರ ಮೇಲೆ ಬರೆಯುವುದಿಲ್ಲ. ಮೊದಲು ದೊಡ್ಡ ಮೇಜಿನ ಮೇಲೆ ಕೆಂಪು ಹಾಳೆ ಹಾಸುತ್ತೇವೆ. ಕಲ್ಲಿನೊಳಗೆ ವಿದ್ಯುತ್ತು ಹರಿಯುವ ದಾರಿಗಳನ್ನೆಲ್ಲ ಅದರ ಮೇಲೆ ಚಾಕುವಿನಲ್ಲಿ ಕೊರೆದು ಸುಲಿಯುತ್ತೇವೆ. ಆಮೇಲೆ ಫೋಟೊ ಹಿಡಿದು, ಕುಗ್ಗಿಸಿ ಕುಗ್ಗಿಸಿ ಕಲ್ಲಿಗೆ ಇಳಿಸುತ್ತೇವೆ."

ಆ ಹಾಳೆ ನಮ್ಮ ರಾಗಿ ಕಣದಷ್ಟು ಇತ್ತು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಾಲ್ಕು ಎತ್ತು ಕಟ್ಟಿ ತಿರುಗಿಸಬಹುದಿತ್ತು.

"ಕೊರೆದವನು ನೀನೇ?"

"ನವಿಲನ್ನು ನಾನು. ಉಳಿದದ್ದೆಲ್ಲ ಫಿಲೋಮಿನಾ ಅಂತ ಒಬ್ಬ ಹೆಂಗಸು. ಅವಳ ಕೈ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ."

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿಯೊಂದನ್ನು ನರಹರಿ ಕೊಟ್ಟ. ಗುರುಗಳು ಬಹಳ ಹೊತ್ತು ನೋಡಿದರು.

"ಕೋಳಿ ಚೆನ್ನಾಗಿದೆ," ಅಂದರು.

"ಕೋಳಿಯಲ್ಲ ಗುರುಗಳೇ. ನವಿಲು."

"ಗರಿ ಎಲ್ಲಿ?"

ನರಹರಿ ಭೂತಗನ್ನಡಿಗೆ ಕೈ ಚಾಚಿದ. ಗುರುಗಳು ಕೊಡಲಿಲ್ಲ.

"ಕತ್ತು ನವಿಲಿನದು. ಜುಟ್ಟು ನವಿಲಿನದು. ಇಷ್ಟು ನಾಜೂಕಾಗಿ ಬರೆದವನು ಗರಿ ಮರೆಯುವುದಿಲ್ಲ."

"ಕತ್ತರಿಸಿದೆ."

"ಯಾಕೆ?"

ನರಹರಿ ಹೊಳೆ ನೋಡಿದ. ಹೊಳೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಮೊದಲು ಮಾಡಿದ ಕಲ್ಲುಗಳೆಲ್ಲ ಸತ್ತೇ ಹುಟ್ಟಿದವು. ಒಂದೂ ಮಿಸುಕಲಿಲ್ಲ. ಯಜಮಾನ ಕೂಗಾಡಿದ. ಊಟ ನಿದ್ದೆ ಬಿಟ್ಟು ಹುಡುಕಿದೆ. ಕೊನೆಗೆ ಸಿಕ್ಕಿತು. ನನ್ನ ನವಿಲಿನ ಕೊನೆಯ ಗರಿ ಪಕ್ಕದ ದಾರಿಗೆ ತಾಗಿತ್ತು. ವಿದ್ಯುತ್ತು ತನ್ನ ದಾರಿ ಬಿಟ್ಟು ಗರಿಯೊಳಗೆ ಇಳಿದುಹೋಗುತ್ತಿತ್ತು."

"ಯಜಮಾನನಿಗೆ ಹೇಳಿದೆಯಾ?"

"ಹೇಳಿದೆ."

"ಏನಂತ?"

"ಕೊರೆಯುವವಳ ಕೈ ಜಾರಿದೆ ಅಂತ."

ಗುರುಗಳು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದರು.

"ಅವತ್ತೇ ಅವಳನ್ನು ಕೆಲಸದಿಂದ ತೆಗೆದರು. ನಾನು ಯಾರಿಗೂ ಕಾಣದ ಹಾಗೆ ಗರಿ ಕತ್ತರಿಸಿದೆ. ಮುಂದಿನ ಸಲ ಕಲ್ಲಿಗೆ ಜೀವ ಬಂತು. ಎಲ್ಲರೂ ನನ್ನನ್ನು ಎತ್ತಿಕೊಂಡು ಕುಣಿದರು."

"ಅವಳು ಏನಂದಳು?"

"'ಸಾರ್, ನಿಜವಾಗಿಯೂ ನನ್ನ ಕೈ ಜಾರಿತಾ?' ಅಂತ ಕೇಳಿದಳು. ನಾನು ಹೌದು ಅಂದೆ."

ಗುರುಗಳು ಕಲ್ಲನ್ನು ಹತ್ತಿಯ ಮೇಲಿಟ್ಟು, ಡಬ್ಬಿ ಮುಚ್ಚಿ, ಅವನ ಅಂಗೈಯಲ್ಲಿಟ್ಟರು.

"ಈಗ ಹೊರಡು," ಅಂದರು. "ಫಲಕದ ಕಡೆ ಅಲ್ಲ."

ಅವನನ್ನು ಹೊಳೆ ದಾಟಿಸಿದವನು ನಾನೇ. ಎಂಥ ಸೆಳವಿದ್ದರೂ ನನ್ನ ಹರಿಗೋಲು ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಅವತ್ತು ಮಾತ್ರ ಅದು ಮುಂದೆ ಸರಿಯಲು ಒಪ್ಪಲಿಲ್ಲ. ಆ ಮನುಷ್ಯ ಅಷ್ಟು ಭಾರವಾಗಿದ್ದ.

ಕೆಲವು ದಿನ ಕಳೆದು, ಫಲಕ ಹಾಕುವ ಮೊದಲೇ ಮರಳಿದ. ಗುರುಗಳು ನೀರಿನಂಚಿನಲ್ಲಿ ಪಂಚೆ ಹಿಂಡುತ್ತಿದ್ದರು.

"ಸಿಕ್ಕಳೇ?"

"ಸತ್ತುಹೋಗಿದ್ದಾಳೆ. ಗಂಡ ಇದ್ದಾನೆ. ಅಂತೋಣಪ್ಪ ಅಂತ. ನಾನು ಯಾರು ಅಂತ ಕೂಡ ಕೇಳದೆ ಕೂರಿಸಿ ಚಹಾ ಕೊಟ್ಟ."

"ಏನಂದ?"

ನರಹರಿ ತನ್ನ ಬಲಗೈಯನ್ನು ಮುಂದೆ ಚಾಚಿದ. ಅದು ನಡುಗುತ್ತಿತ್ತು.

"'ಕೈ ನಡುಗೋಳು ಅಂತ ಹೆಸರು ಬಿತ್ತು ಸ್ವಾಮಿ. ಆಮೇಲೆ ಯಾವ ಕಾರ್ಖಾನೆಯವರೂ ಅವಳನ್ನ ತಗೊಳ್ಳಲಿಲ್ಲ. ಬೆಳಗಾಗೆದ್ದು ಕಿಟಕಿ ಹತ್ರ ಹೀಗೆ ಕೈ ಚಾಚಿಕೊಂಡು ನಿಲ್ಲೋಳು. ನೋಡ್ರೀ, ನಡುಗ್ತಾ ಇದೆಯಾ ಅನ್ನೋಳು. ಇಲ್ಲ ಕಣೇ ಅಂತಿದ್ದೆ. ಸಾಯೋ ದಿನವೂ ನಡುಗಲಿಲ್ಲ. ನಾನು ಹೇಳಿದ್ದನ್ನ ಅವಳು ನಂಬಲಿಲ್ಲ' ಅಂದ."

ಗುರುಗಳ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಹಿಂಡುವುದನ್ನು ನಿಲ್ಲಿಸಿದ್ದರು.

"ನೀನೇನು ಹೇಳಿದೆ?"

"ಏನೂ ಹೇಳಲಿಲ್ಲ. ಚಹಾ ಕುಡಿದು ಬಂದೆ."

ಆಗ ನಾನು ಸುಮ್ಮನಿದ್ದೆ ಅಂದರೆ ನನ್ನನ್ನು ಬಲ್ಲವರು ಇವತ್ತಿಗೂ ನಂಬುವುದಿಲ್ಲ.

ಆಮೇಲೆ ನರಹರಿ ಡಬ್ಬಿ ತೆಗೆದ.

"ಗುರುಗಳೇ, ನನಗೆ ಹೆಸರು ಬೇಡ. ಫಲಕದ ಮೇಲೆ ಆ ಯಜಮಾನನೇ ಇರಲಿ. ಎಲ್ಲ ಬಿಟ್ಟೆ. ನಾಳೆಯಿಂದ ಇಲ್ಲೇ ಕಳೆ ಕಿತ್ತುಕೊಂಡಿರುತ್ತೇನೆ. ನನಗೆ ಕಾವಿ ಕೊಡಿ."

ಹಾಗಂದವನೇ ಹೊಳೆಗೆ ಎಸೆಯಲು ಕೈ ಎತ್ತಿದ.

ಗುರುಗಳು ಅವನ ಮಣಿಕಟ್ಟು ಹಿಡಿದರು.

ಏಳು ಗರಡಿಯ ಜಟ್ಟಿಗಳಿಗೆ ಮಣ್ಣು ಮುಕ್ಕಿಸಿದವನು ನಾನು. ಅಂಥ ಹಿಡಿತ ನೋಡಿಲ್ಲ. ಡಬ್ಬಿ ಕೈಯಿಂದ ಕದಲಲಿಲ್ಲ.

"ಬಿಡಿ ಗುರುಗಳೇ. ನನ್ನದನ್ನು ನಾನು ಬಿಡುತ್ತಿದ್ದೇನೆ."

"ನವಿಲು ನಿನ್ನದು. ಗರಿ ಇಲ್ಲದ ಜಾಗ ಅವಳದು. ಅವಳ ಕೈ ಜಾರಲಿಲ್ಲ ಅನ್ನುವುದಕ್ಕೆ ಲೋಕದಲ್ಲಿ ಇದೊಂದೇ ಸಾಕ್ಷಿ."

ನರಹರಿಯ ಕೈ ಕೆಳಗಿಳಿಯಿತು.

"ಹಾಗಾದರೆ ಅಂತೋಣಪ್ಪನಿಗೆ ಕೊಟ್ಟುಬರುತ್ತೇನೆ. ಅವನ ಕಾಲಿಗೆ ಬಿದ್ದು ಎಲ್ಲ ಹೇಳಿಬರುತ್ತೇನೆ."

"ಬೀಳು. ಆದರೆ ಅವನು ಅವಳನ್ನು ಯಾವತ್ತೂ ಅನುಮಾನಿಸಲಿಲ್ಲ. ಅನುಮಾನಿಸಿದವರು ಬೇರೆ."

"ಅವರು ಆ ಕಸುಬಿನವರು ಗುರುಗಳೇ. ಊರೂರಲ್ಲಿದ್ದಾರೆ. ನಾನೀಗ ಬೀಗ ಬಿದ್ದ ಕಾರ್ಖಾನೆಯ ಮುದುಕ. ನನ್ನ ಮಾತನ್ನು ಅವರು ಯಾಕೆ ಕೇಳುತ್ತಾರೆ?"

ಗುರುಗಳು ಅವನ ಮಣಿಕಟ್ಟು ಬಿಟ್ಟರು.

"ಫಲಕದ ಮೇಲೆ ನಿನ್ನ ಹೆಸರು ಬರೆಸು. ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ, ಅದರ ಕೆಳಗೆ ನಿಂತು ಗರಿಯ ಕಥೆ ಹೇಳು."